ಜ್ವರ ಬಿಟ್ಟ ಮೇಲೂ ಮಗನ ರಕ್ತ ಯಾಕೆ ಇಳಿಯುತ್ತಿದೆ?

ಪ್ರಶ್ನೆ: ನಾವು ಮುಂಬಯಿಯ ಕುರ್ಲಾದಲ್ಲಿ ಇದ್ದೇವೆ, ಊರು ವಿಜಯಪುರದ ಕಡೆ. ಆಗಸ್ಟ್‌ನಲ್ಲಿ ಆರು ವರ್ಷದ ಮಗನಿಗೆ ಮಲೇರಿಯಾ ಬಂತು. ರಿಪೋರ್ಟಿನಲ್ಲಿ ‘ವೈವಾಕ್ಸ್, ಮೈಕ್ರೋಲೀಟರಿಗೆ 8,000’ ಎಂದಿತ್ತು. ಅಂಥಾ ಜಾಸ್ತಿಯೇನಿಲ್ಲ ಅಂದರು. ಮಾತ್ರೆ ಶುರುವಾಗಿ ಮೂರು ದಿನಕ್ಕೆ ಜ್ವರ ಬಿಟ್ಟಿತು. ಆದರೆ ಜೂನ್‌ನಲ್ಲಿ 11.8 ಇದ್ದ ಹಿಮೋಗ್ಲೋಬಿನ್ ಜ್ವರದ ದಿನ 9.6 ಆಗಿತ್ತು. ಹತ್ತು ದಿನದ ಮೇಲೆ ಈಗ 7.4 ಆಗಿದೆ. ಡಾಕ್ಟರು ಕೂಂಬ್ಸ್ ಟೆಸ್ಟ್ ಮಾಡಿಸಿ, ರಕ್ತಕಣಗಳ ಮೇಲೆ ಆ್ಯಂಟಿಬಾಡಿ ಅಂಟಿಕೊಂಡಿದೆ ಅಂದರು. ಆ್ಯಂಟಿಬಾಡಿ ಅಂದರೆ ಕಾಪಾಡುವಂಥದ್ದು ಅಲ್ವಾ? ನನ್ನ ಮಗನ ಮೈ ತನ್ನ ರಕ್ತವನ್ನೇ ತಿನ್ನುತ್ತಿದೆಯಾ? ನಾನು ಸರಿಯಾಗಿ ಉಣ್ಣಿಸಲಿಲ್ಲ ಅಂತ ಅತ್ತೆ ಬೈಯುತ್ತಾರೆ. ಕಬ್ಬಿಣದ ಟಾನಿಕ್ ಶುರು ಮಾಡಲಾ?

ಉತ್ತರ: ತಾಯಿ, ಮೊದಲು ಅತ್ತೆಯವರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಊಟ ಕಡಿಮೆಯಾಗಿ ಹತ್ತು ದಿನದಲ್ಲಿ ಯಾವ ಮಗುವಿನ ಹಿಮೋಗ್ಲೋಬಿನ್ನೂ 9.6ರಿಂದ 7.4ಕ್ಕೆ ಇಳಿಯುವುದಿಲ್ಲ. ಊಟದ ಕೊರತೆಯಿಂದ ರಕ್ತ ಇಳಿಯೋದಕ್ಕೆ ತಿಂಗಳುಗಳು ಬೇಕು. ಇಷ್ಟು ಬೇಗ ಇಳಿದಿದೆ ಅಂದರೆ ಕಣಗಳು ಒಡೆಯುತ್ತಿವೆ ಅಂತಲೇ ಅರ್ಥ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಈ ಸಾಲನ್ನು ಅವರಿಗೂ ಓದಿ ಹೇಳಿ.

ಎರಡನೇದು, ಉಳಿದದ್ದನ್ನೆಲ್ಲ ಓದುವ ಮೊದಲೇ ಮಾಡಬೇಕಾದ್ದು. 7.4 ನೋಡಿಕೊಂಡು ಮುಂದಿನ ವಾರದ ತನಕ ಕಾಯುವ ಸಂಖ್ಯೆ ಅಲ್ಲ. ನಾಳೆ ಅಥವಾ ನಾಡಿದ್ದು ಮತ್ತೆ ರಕ್ತ ಪರೀಕ್ಷೆ ಆಗಲಿ. ಮಗು ಕೂತಲ್ಲೇ ಏದುಸಿರು ಬಿಡುತ್ತಿದ್ದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಕಣ್ಣು ಹಳದಿ ಆಗುತ್ತಾ ಹೋದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ನಾಳೆಗೂ ಕಾಯಬೇಡಿ. ಮಕ್ಕಳ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಈಗಲೇ ಹೊರಡಿ. ನಿಮಗೆ ಸಯನ್ ಹತ್ತಿರ, ಪರೇಲ್ ಕೂಡ ದೂರವಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಈ ಊರಿನಲ್ಲಿ ರಕ್ತದ ಗಾಜುಪಟ್ಟಿ ನೋಡುವವನು. ಮಳೆಗಾಲ ಬಂದರೆ ಮೇಜಿನ ತುಂಬ ಮಲೇರಿಯಾದ ಪಟ್ಟಿಗಳೇ. ನೀವು ಕೇಳಿದ್ದನ್ನೇ ಎಷ್ಟೋ ತಾಯಂದಿರು ಕಿಟಕಿಯ ಆಚೆ ನಿಂತು ಕೇಳಿದ್ದಾರೆ. ಅವಸರದಲ್ಲಿ ಒಂದೇ ಮಾತಿನಲ್ಲಿ ಹೇಳಿ ಕಳಿಸಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ.

ಒಂದು ಲೆಕ್ಕ ಹಾಕೋಣ. ಮಗು ಸುಮಾರು 18 ಕಿಲೋ ಇದ್ದರೆ ಮೈಯಲ್ಲಿ ಒಂದೂ ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ರಕ್ತ ಇರುತ್ತದೆ. ಒಂದು ಮೈಕ್ರೋಲೀಟರ್, ಅಂದರೆ ಗುಂಡುಸೂಜಿಯ ತಲೆಯಷ್ಟು ರಕ್ತದಲ್ಲಿ, ಸುಮಾರು 45 ಲಕ್ಷ ಕೆಂಪು ಕಣ. ಅದರಲ್ಲಿ ರೋಗಾಣು ಹೊಕ್ಕಿದ್ದು 8,000. ಅಂದರೆ ಹೆಚ್ಚು ಕಡಿಮೆ 560 ಕಣಕ್ಕೆ ಒಂದು. ವೈವಾಕ್ಸ್ ರೋಗಾಣು ಕಣದೊಳಗೆ 48 ಗಂಟೆ ಬೆಳೆದು, ಒಡೆದು, ಹತ್ತಿಪ್ಪತ್ತು ಮರಿಗಳನ್ನು ಹೊರಗೆ ಬಿಡುತ್ತದೆ. ಚಳಿ ನಡುಕ ಬರೋದು ಆ ಹೊತ್ತಿಗೇ. ಮಾತ್ರೆ ಕೊಡುವ ಮುಂಚೆ ಇಂಥ ಐದು ಸುತ್ತು ಆಗಿದ್ದವು, ಪ್ರತಿ ಸುತ್ತಿನಲ್ಲೂ 8,000 ಕಣ ಒಡೆದವು ಅಂತ ಜಾಸ್ತಿಯೇ ಹಿಡಿಯೋಣ. ಆಗಲೂ ಹೋದದ್ದು ನೂರರಲ್ಲಿ ಒಂದು ಕಣಕ್ಕಿಂತ ಕಡಿಮೆ. ಆದರೆ ನಿಮ್ಮ ಮಗ ಕಳೆದುಕೊಂಡದ್ದು ನೂರರಲ್ಲಿ 37.

ಉಳಿದ 36 ಎಲ್ಲಿ ಹೋದವು?

ಅವು ರೋಗಾಣು ಮುಟ್ಟದ ಕಣಗಳು. ಮಲೇರಿಯಾದ ರಕ್ತಹೀನತೆಯಲ್ಲಿ ಎಲ್ಲರೂ ತಪ್ಪು ತಿಳಿಯೋದು ಇಲ್ಲೇ. ರೋಗಾಣು ರಕ್ತ ಕುಡಿಯಿತು, ಅದಕ್ಕೇ ಮಗು ಬಿಳಿಚಿಕೊಂಡಿತು ಅಂದುಕೊಳ್ಳುತ್ತೇವೆ. ನಿಜವಾಗಿ ಹೋಗುವುದರಲ್ಲಿ ಬಹುಪಾಲು ಸೋಂಕಿಲ್ಲದ ಕಣಗಳೇ. ಇದಕ್ಕೊಂದು ಹಳೆಯ ದಾಖಲೆ ಇದೆ. ಪೆನಿಸಿಲಿನ್ ಬರುವ ಮೊದಲು, ಮಿದುಳಿಗೆ ಹತ್ತಿದ ಸಿಫಿಲಿಸ್ ರೋಗಕ್ಕೆ ಬೇಕೆಂದೇ ಮಲೇರಿಯಾ ಜ್ವರ ಬರಿಸಿ ಚಿಕಿತ್ಸೆ ಮಾಡುತ್ತಿದ್ದರು. ವಿಯೆನ್ನಾದ ವಾಗ್ನರ್-ಯೌರೆಗ್‌ಗೆ 1927ರಲ್ಲಿ ನೊಬೆಲ್ ಸಿಕ್ಕಿದ್ದು ಇದಕ್ಕೇ. ಅಮೆರಿಕದಲ್ಲಿ ಹಾಗೆ ಚಿಕಿತ್ಸೆ ಪಡೆದ ರೋಗಿಗಳ ರಕ್ತದ ಎಣಿಕೆಯನ್ನು ಬರೆದಿಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಅದನ್ನು ತೆಗೆದು ಲೆಕ್ಕ ಹಾಕಿದಾಗ, ವೈವಾಕ್ಸ್‌ನಲ್ಲಿ ಸೋಂಕಿನ ಒಂದು ಕಣದ ಜೊತೆ ಸೋಂಕಿಲ್ಲದ ಸುಮಾರು 34 ಕಣ ಹೋಗುತ್ತವೆ ಅಂತ ಬಂತು. ಇನ್ನೊಂದು ಬಗೆಯಾದ ಫಾಲ್ಸಿಪಾರಂ ಮಲೇರಿಯಾದಲ್ಲಿ ಸುಮಾರು 8. ಹಾಗಾಗಿ ರೋಗಾಣು ಕಡಿಮೆ ಇದೆ, ರಕ್ತಕ್ಕೇನೂ ಆಗಲ್ಲ ಅನ್ನುವ ಮಾತು ವೈವಾಕ್ಸ್‌ಗೆ ಒಪ್ಪುವುದಿಲ್ಲ. ನಮ್ಮಲ್ಲಿ ಇದನ್ನು ಮೆದು ಮಲೇರಿಯಾ ಅನ್ನುವ ರೂಢಿ ಬಿದ್ದುಹೋಗಿದೆ. ಮಕ್ಕಳ ವಿಷಯದಲ್ಲಿ ನಾನು ಆ ಮಾತನ್ನು ಒಪ್ಪುವುದಿಲ್ಲ.

ಸೋಂಕಿಲ್ಲದ ಕಣವನ್ನು ಯಾರು ತೆಗೆಯುತ್ತಾರೆ? ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ ಇದೆ. ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡುವಾಗ ಹುಡುಕೋದು ಅದನ್ನೇ. ಅದು ರಕ್ತದ ಜರಡಿ. ಏಳೆಂಟು ಮೈಕ್ರಾನ್ ಅಗಲದ ಕಣ ಒಂದೆರಡು ಮೈಕ್ರಾನ್ ಸಂದಿಯಲ್ಲಿ ಮೈ ಮಡಚಿಕೊಂಡು ನುಸುಳಬೇಕು. ಮೆತ್ತಗಿದ್ದದ್ದು ದಾಟುತ್ತದೆ. ಸೆಟೆದದ್ದು, ಮುದಿಯಾದದ್ದು, ಗುರುತು ಬಿದ್ದದ್ದು ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲೇ ಕೂತ ಮ್ಯಾಕ್ರೊಫೇಜ್ ಅನ್ನುವ ನುಂಗುಕಣ ಅದನ್ನು ನುಂಗುತ್ತದೆ. ಮಲೇರಿಯಾ ಬಂದಾಗ ಗುಲ್ಮ ಊದುತ್ತದೆ, ಜರಡಿ ಇನ್ನೂ ಬಿಗಿಯಾಗುತ್ತದೆ. ಸೋಂಕಿಲ್ಲದ ಕಣಗಳೂ ಜ್ವರದ ಹೊಡೆತಕ್ಕೆ ಸ್ವಲ್ಪ ಸೆಟೆದುಕೊಂಡಿರುತ್ತವೆ. ಅವೂ ಸಿಕ್ಕಿಬೀಳುತ್ತವೆ.

ಗುರುತು ಬೀಳೋದು ಅಂದೆನಲ್ಲ, ಅದೇ ಆ್ಯಂಟಿಬಾಡಿಯ ಕೆಲಸ. ಪೋಲಿಯೊ ಹನಿ ಹಾಕಲು ಬಂದವರು ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರಲ್ಲ, ಹಾಗೆ. ಆ್ಯಂಟಿಬಾಡಿ ತಾನಾಗಿ ಯಾವ ಕಣವನ್ನೂ ನುಂಗುವುದಿಲ್ಲ. ಎರಡು ತೋಳಿನಿಂದ ಪರಕೀಯ ವಸ್ತುವನ್ನು ಹಿಡಿಯುತ್ತದೆ, ಬಾಲವನ್ನು ಹೊರಗೆ ಚಾಚಿ ನಿಲ್ಲುತ್ತದೆ. ಆ ಬಾಲ ಕಂಡರೆ ನುಂಗುಕಣ ಬರುತ್ತದೆ. ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳೂ ಅಲ್ಲೇ ಬಂದು ಕೂರುತ್ತವೆ, ಗುರುತು ಇನ್ನಷ್ಟು ದಟ್ಟವಾಗುತ್ತದೆ. ಸೋಂಕಿನ ಕಣದ ಮೇಲೆ ಇದು ಆದರೆ ನಮಗೆ ಲಾಭ. ಪಕ್ಕದ ಮನೆಯ ಬಾಗಿಲಿಗೂ ಗುರುತು ಬಿದ್ದರೆ ತೊಂದರೆ.

ಪಕ್ಕದ ಬಾಗಿಲಿಗೆ ಯಾಕೆ ಬೀಳುತ್ತದೆ? ಎರಡು ದಾರಿ ಚೆನ್ನಾಗಿ ಗೊತ್ತಾಗಿವೆ. ಓಕುಳಿ ಆಡುವಾಗ ಸುಮ್ನೆ ನಿಂತವರ ಬಟ್ಟೆಗೂ ಬಣ್ಣ ಸಿಡಿಯುತ್ತದೆ. ಸೋಂಕಿನ ಕಣ ಒಡೆದಾಗ ರೋಗಾಣುವಿನ ಚೂರುಗಳು ಹಾಗೇ ಸಿಡಿದು ಸುತ್ತಲಿನ ಕಣಗಳಿಗೆ ಮೆತ್ತಿಕೊಳ್ಳುತ್ತವೆ. ಫಾಲ್ಸಿಪಾರಂನಲ್ಲಿ ಇನ್ನೊಂದು ಕಂಡಿದೆ. ರೋಗಾಣು ಒಂದು ಕಣದೊಳಗೆ ನುಗ್ಗಲು ಹೋಗಿ, ಆಗದೆ ವಾಪಸಾದರೂ ತನ್ನ ಪ್ರೋಟೀನನ್ನು ಆ ಕಣದ ಮೇಲೆ ಬಿಟ್ಟು ಹೋಗುತ್ತದೆ. ಆ್ಯಂಟಿಬಾಡಿ ಹುಡುಕೋದು ರೋಗಾಣುವಿನ ಚೂರನ್ನು. ಅದು ಯಾರ ಮೈಮೇಲೆ ಇದೆ ಅನ್ನೋದು ಅದಕ್ಕೆ ಗೊತ್ತಿಲ್ಲ.

ಎರಡನೇ ದಾರಿ ಸ್ವಲ್ಪ ಸೂಕ್ಷ್ಮ. ನಮ್ಮ ಕಣದ ಪೊರೆಯ ಒಳಮೈಯಲ್ಲಿ ಫಾಸ್ಫಟಿಡೈಲ್‌ಸೆರಿನ್ ಅನ್ನುವ ಒಂದು ಕೊಬ್ಬು ಇದೆ. ಆರೋಗ್ಯದ ಕಣದಲ್ಲಿ ಅದು ಹೊರಗೆ ಕಾಣುವುದೇ ಇಲ್ಲ. ಕಣ ಮುದಿಯಾದಾಗ, ಪೆಟ್ಟು ಬಿದ್ದಾಗ ಹೊರಮೈಗೆ ಬರುತ್ತದೆ. ಮಲೇರಿಯಾದಲ್ಲಿ ಲಕ್ಷಾಂತರ ಕಣ ಒಟ್ಟಿಗೇ ಒಡೆಯುವುದರಿಂದ ಈ ಕೊಬ್ಬು ರಕ್ತದಲ್ಲೆಲ್ಲ ಚೆಲ್ಲಿರುತ್ತದೆ. ಬಿ-ಕಣ ಅನ್ನುವ ಕೆಲವು ಬಿಳಿಕಣಗಳು ಅದನ್ನೇ ಶತ್ರು ಅಂದುಕೊಂಡು ಅದರ ಮೇಲೆ ಆ್ಯಂಟಿಬಾಡಿ ಮಾಡುತ್ತವೆ. ಇಲಿಗಳಲ್ಲೂ ಇದನ್ನು ಕಂಡಿದ್ದಾರೆ, ಮಲೇರಿಯಾ ರೋಗಿಗಳಲ್ಲೂ ಕಂಡಿದ್ದಾರೆ. ಈ ಆ್ಯಂಟಿಬಾಡಿ ಜಾಸ್ತಿ ಇದ್ದವರಲ್ಲಿ ರಕ್ತ ಇಳಿಯೋದೂ ಜಾಸ್ತಿ. ಇದು ಸ್ವಂತದ ಮೇಲೇ ತಿರುಗಿದ ಆ್ಯಂಟಿಬಾಡಿ. ಹಾಗಾಗಿ ಮೈ ತನ್ನ ರಕ್ತವನ್ನೇ ತಿನ್ನುತ್ತಿದೆಯಾ ಅಂತ ನೀವು ಕೇಳಿದ್ದು ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಒಂದಷ್ಟು ಹೌದು. ಆದರೆ ಜೀವನಪೂರ್ತಿ ಕಾಡುವ ಆಟೋಇಮ್ಯೂನ್ ಕಾಯಿಲೆಗಳ ಥರ ಇದು ಅಲ್ಲ. ರೋಗಾಣು ಹೋದ ಮೇಲೆ ಚೂರುಗಳು ತೊಳೆದುಹೋಗುತ್ತವೆ, ಈ ಆ್ಯಂಟಿಬಾಡಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ‘ಆಟೋಇಮ್ಯೂನ್’ ಅಂತ ಒಂದು ಪದ ಹೇಳಿ ತಾಯಿಯನ್ನು ಮನೆಗೆ ಕಳಿಸೋದು ನನಗೆ ಸರಿ ಕಾಣುವುದಿಲ್ಲ. ಈ ಎರಡನೇ ಮಾತನ್ನೂ ಜೊತೆಗೇ ಹೇಳಬೇಕು.

ನಿಮ್ಮ ಮಗನಿಗೆ ಮಾಡಿದ ಕೂಂಬ್ಸ್ ಪರೀಕ್ಷೆಯಲ್ಲಿ ಏನು ಮಾಡುತ್ತಾರೆ ಗೊತ್ತಾ? ಇದನ್ನು 1945ರಲ್ಲಿ ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್ ಮತ್ತು ಜೊತೆಗಾರರು ತಂದರು. ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಮಗುವಿನ ಕೆಂಪು ಕಣಗಳನ್ನು ಉಪ್ಪುನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯುತ್ತೇವೆ. ಸುಮ್ನೆ ತೇಲುತ್ತಿದ್ದ ಆ್ಯಂಟಿಬಾಡಿ ಎಲ್ಲ ಹೋಗುತ್ತದೆ, ಕಣಕ್ಕೆ ಅಂಟಿದ್ದು ಮಾತ್ರ ಉಳಿಯುತ್ತದೆ. ಆಮೇಲೆ ಮನುಷ್ಯರ ಆ್ಯಂಟಿಬಾಡಿಯನ್ನೇ ಹಿಡಿಯುವ ಒಂದು ದ್ರವವನ್ನು ಎರಡು ಹನಿ ಹಾಕಿ ತಿರುಗಿಸುತ್ತೇವೆ. ಕಿರುಬೆರಳಿಗಿಂತ ಸಣ್ಣ ಗಾಜಿನ ನಳಿಕೆ. ತಳದಲ್ಲಿ ಕಣಗಳು ಕೆಂಪು ಗುಂಡಿಯ ಹಾಗೆ ಕೂತಿರುತ್ತವೆ. ನಳಿಕೆಯನ್ನು ದೀಪಕ್ಕೆ ಹಿಡಿದು ಮೆಲ್ಲಗೆ ತಟ್ಟಬೇಕು. ಆ್ಯಂಟಿಬಾಡಿ ಇಲ್ಲದಿದ್ದರೆ ಗುಂಡಿ ಹೊಗೆಯ ಹಾಗೆ ಕರಗಿ ನೀರೆಲ್ಲ ಒಂದೇ ಕೆಂಪಾಗುತ್ತದೆ. ಇದ್ದರೆ ಕರಗುವುದಿಲ್ಲ. ರವೆ ಉದುರಿದ ಹಾಗೆ ಸಣ್ಣ ಸಣ್ಣ ಉಂಡೆಗಳು ಏಳುತ್ತವೆ, ನಡುವೆ ನೀರು ತಿಳಿಯಾಗಿ ಕಾಣುತ್ತದೆ. ಆ ಉಂಡೆ ಕಂಡರೆ ಪಾಸಿಟಿವ್ ಅಂತ ಬರೆಯುತ್ತೇವೆ.

ಒಂದು ಎಚ್ಚರ ಮಾತ್ರ ಇರಲಿ. ಕೂಂಬ್ಸ್ ಪಾಸಿಟಿವ್ ಬಂದ ಎಲ್ಲ ಮಕ್ಕಳಿಗೂ ರಕ್ತ ಇಳಿಯುವುದಿಲ್ಲ. ಮಲೇರಿಯಾ ಜಾಸ್ತಿ ಇರುವ ಆಫ್ರಿಕಾದ ಗ್ಯಾಂಬಿಯಾದಲ್ಲಿ ನೋಡಿದಾಗ, ರಕ್ತ ಚೆನ್ನಾಗಿದ್ದ ಎಷ್ಟೋ ಮಕ್ಕಳಲ್ಲೂ ಇದು ಪಾಸಿಟಿವ್ ಇತ್ತು. ಅಂದರೆ ನಿಮ್ಮ ಮಗನ ರಕ್ತ ಇಳಿಯಲು ಆ್ಯಂಟಿಬಾಡಿ ಒಂದು ಕಾರಣ, ಅದೊಂದೇ ಅಲ್ಲ. ಪಾಸಿಟಿವ್ ಸಿಕ್ಕಿತು, ಕಾರಣ ಗೊತ್ತಾಯಿತು ಅಂತ ಹುಡುಕಾಟ ನಿಲ್ಲಿಸಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ್ಯಂಟಿಬಾಡಿ ಕಾಪಾಡುವಂಥದ್ದು ಅಲ್ವಾ ಅಂದಿರಿ. ಖಂಡಿತ ಹೌದು. ಅದಕ್ಕೆ ಸಾಕ್ಷಿಯೂ ಗ್ಯಾಂಬಿಯಾದಿಂದಲೇ ಬಂದದ್ದು. 1961ರಲ್ಲಿ ಕೋಹೆನ್, ಮೆಕ್‌ಗ್ರೆಗರ್, ಕ್ಯಾರಿಂಗ್ಟನ್ ಅನ್ನುವ ಮೂವರು ಅಲ್ಲಿನ ದೊಡ್ಡವರ ರಕ್ತದಿಂದ ಆ್ಯಂಟಿಬಾಡಿ ಬೇರ್ಪಡಿಸಿ, ಮಲೇರಿಯಾದಿಂದ ಮಲಗಿದ್ದ ಮಕ್ಕಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಮಕ್ಕಳ ರಕ್ತದಲ್ಲಿ ರೋಗಾಣು ತೀರಾ ಇಳಿದುಹೋಯಿತು. ಆ ದೊಡ್ಡವರು ಹುಟ್ಟಿದಾಗಿನಿಂದ ಮತ್ತೆ ಮತ್ತೆ ಜ್ವರ ಕಂಡು, ರೋಗಾಣುವಿನ ಎಷ್ಟೋ ವೇಷಗಳ ಮೇಲೆ ಆ್ಯಂಟಿಬಾಡಿ ಗಳಿಸಿದ್ದರು. ಕುರ್ಲಾದಲ್ಲಿ ಹುಟ್ಟಿದ ಆರು ವರ್ಷದ ಹುಡುಗನಿಗೆ ಅಂಥ ಅನುಭವ ಇಲ್ಲ. ಮೊದಲ ಸಲ ಶತ್ರು ಕಂಡ ಮೈ ಗಡಿಬಿಡಿಯಲ್ಲಿ ಬಲೆ ದೊಡ್ಡದಾಗಿ ಬೀಸುತ್ತದೆ. ಶತ್ರು ಸಿಗುತ್ತಾನೆ, ಜೊತೆಗೆ ತನ್ನವರೂ ಸಿಗುತ್ತಾರೆ.

ಇನ್ನು ಮೂಳೆಯ ಒಳಗಿನ ಮಜ್ಜೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ದಿನಾ ನೂರರಲ್ಲಿ ಒಂದರ ಹತ್ತಿರ ಹೊಸ ಕಣ ಬರಬೇಕು. ಮಲೇರಿಯಾ ಜ್ವರದಲ್ಲಿ ಮಜ್ಜೆ ಮಂಕಾಗುತ್ತದೆ. ರೋಗಾಣು ಹಿಮೋಗ್ಲೋಬಿನ್ ತಿಂದು ಬಿಡುವ ಕಂದು ಕಸ ಅಲ್ಲಿ ಸೇರುತ್ತದೆ, ಉರಿಯೂತದ ರಾಸಾಯನಿಕಗಳೂ ಸೇರುತ್ತವೆ. ಎರಡು ವಾರ ಮಜ್ಜೆ ಪೂರ್ತಿ ಕೈಕಟ್ಟಿ ಕೂತರೆ, ಏನೂ ಒಡೆಯದೆಯೇ ನೂರರಲ್ಲಿ ಹನ್ನೆರಡು ಕಣ ಕಡಿಮೆಯಾಗುತ್ತವೆ. ಸಾಲದ್ದಕ್ಕೆ ವೈವಾಕ್ಸ್ ಇಷ್ಟಪಡೋದು ಈಗಷ್ಟೇ ಹುಟ್ಟಿದ ಎಳೆ ಕಣಗಳನ್ನೇ. ನೂರು ಕಣದ ಲೆಕ್ಕದಲ್ಲಿ ಕಾಣೆಯಾದ 36 ಈಗ ಹೆಚ್ಚು ಕಡಿಮೆ ಕೂಡಿ ಬಂತು, ಅಲ್ವಾ?

ಈಗ ಹುಡುಕಾಟ ನಿಲ್ಲಿಸಬಾರದು ಅಂದ ವಿಷಯ. ಸಾಮಾನ್ಯವಾಗಿ ಮಾತ್ರೆ ಶುರುವಾಗಿ ಒಂದು ವಾರದ ಒಳಗೆ ಹಿಮೋಗ್ಲೋಬಿನ್ ತಳ ಮುಟ್ಟಿ ಮೇಲೇಳಬೇಕು. ಹತ್ತನೇ ದಿನವೂ ಇಳಿದಿದ್ದರೆ ನಾನು ಮೊದಲು ಕೇಳೋದು ಒಂದೇ: ಪ್ರೈಮಾಕ್ವಿನ್ ಕೊಡುತ್ತಿದ್ದಾರಾ, ಜಿ6ಪಿಡಿ ನೋಡಿದ್ದಾರಾ? ವೈವಾಕ್ಸ್‌ಗೆ ಮೂರು ದಿನದ ಕ್ಲೋರೊಕ್ವಿನ್ ಆದ ಮೇಲೂ 14 ದಿನದ ಪ್ರೈಮಾಕ್ವಿನ್ ಇರುತ್ತದೆ. ಪಿತ್ತಜನಕಾಂಗದಲ್ಲಿ ಮಲಗಿರುವ ರೋಗಾಣುವನ್ನು ಕೊಲ್ಲೋದು ಅದೇ. ಆದರೆ ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಲ್ಲಿ ಈ ಮಾತ್ರೆಯೇ ಕೆಂಪು ಕಣಗಳನ್ನು ಒಡೆಯುತ್ತದೆ. ಗಂಡುಮಕ್ಕಳಲ್ಲಿ ಈ ಕೊರತೆ ಹೆಚ್ಚು. ಮೂತ್ರ ಕಪ್ಪಾಯಿತು ಅಂದರೆ ಅವತ್ತಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಹೋಗಿ.

ಇಲ್ಲೊಂದು ಬಲೆ ಇದೆ. ಕಣಗಳು ಭಾರೀ ಒಡೆದ ಸಮಯದಲ್ಲಿ ಜಿ6ಪಿಡಿ ಪರೀಕ್ಷೆ ಮಾಡಿದರೆ ಸುಳ್ಳು ನಾರ್ಮಲ್ ಬರಬಹುದು. ಕಿಣ್ವ ಕಡಿಮೆ ಇದ್ದ ಹಳೆ ಕಣಗಳು ಒಡೆದುಹೋಗಿ, ಕಿಣ್ವ ಜಾಸ್ತಿ ಇರುವ ಎಳೆ ಕಣಗಳಷ್ಟೇ ಉಳಿದಿರುತ್ತವೆ. ಹಾಗಾಗಿ ಈಗ ನಾರ್ಮಲ್ ಬಂದರೂ ಎರಡು ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಿ. ಕೊರತೆ ಇಲ್ಲ ಅಂತ ಡಾಕ್ಟರು ಖಚಿತ ಮಾಡಿಕೊಂಡರೆ ಪ್ರೈಮಾಕ್ವಿನ್ ಅರ್ಧಕ್ಕೆ ಬಿಡಬೇಡಿ. ರಕ್ತ ಕಡಿಮೆ ಇದೆ, ಮಾತ್ರೆ ಹೀಟ್ ಅಂತ ಬಿಟ್ಟುಬಿಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ಎಷ್ಟೋ ಜನರಿಗೆ ಕೆಲವು ತಿಂಗಳಲ್ಲಿ ಜ್ವರ ಮರಳುತ್ತದೆ. ಅಷ್ಟೊತ್ತಿಗೆ ಮಜ್ಜೆ ಚೇತರಿಸಿಕೊಂಡು ಎಳೆ ಕಣಗಳನ್ನು ಧಾರಾಳವಾಗಿ ಬಿಡುತ್ತಿರುತ್ತದೆ. ವೈವಾಕ್ಸ್‌ಗೆ ಬೇಕಾದದ್ದೂ ಅದೇ.

ಕಬ್ಬಿಣದ ಟಾನಿಕ್ ಈಗಲೇ ಬೇಡ. ಒಡೆದ ಕಣಗಳ ಕಬ್ಬಿಣ ಎಲ್ಲೂ ಹೋಗಿಲ್ಲ, ನುಂಗುಕಣಗಳ ಹೊಟ್ಟೆಯಲ್ಲಿ ಮೈಯೊಳಗೇ ಇದೆ. ಜ್ವರ, ಉರಿಯೂತ ಇದ್ದಾಗ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಜಾಸ್ತಿಯಾಗಿ ಆ ಉಗ್ರಾಣಕ್ಕೆ ಬೀಗ ಹಾಕುತ್ತದೆ, ಕರುಳಿನಿಂದ ಹೊಸ ಕಬ್ಬಿಣ ಬರುವ ಬಾಗಿಲನ್ನೂ ಮುಚ್ಚುತ್ತದೆ. ಆಗ ಕೊಟ್ಟ ಟಾನಿಕ್ ಬಹುಪಾಲು ಮಲದಲ್ಲೇ ಹೋಗುತ್ತದೆ. ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಮಲೇರಿಯಾ ವಿಪರೀತ ಇದ್ದ ಕಾಲದಲ್ಲಿ ಪುಟ್ಟ ಮಕ್ಕಳಿಗೆಲ್ಲ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದರು. 2006ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಸಿತು. ಕೊಟ್ಟ ಮಕ್ಕಳಲ್ಲೇ ಆಸ್ಪತ್ರೆ ಸೇರುವುದೂ ಸಾವೂ ಜಾಸ್ತಿಯಾಗಿತ್ತು. ಮುಂಬಯಿ ಪೆಂಬಾ ಅಲ್ಲ, ಕಬ್ಬಿಣ ವಿಷವೂ ಅಲ್ಲ. ನಮ್ಮ ಮಕ್ಕಳಲ್ಲಿ ಕಬ್ಬಿಣದ ಕೊರತೆ ನಿಜವಾಗಿಯೂ ಇದೆ. ಅದನ್ನು ಮೂರು ನಾಲ್ಕು ವಾರದ ಮೇಲೆ, ರೋಗಾಣು ಪೂರ್ತಿ ಹೋದ ಮೇಲೆ ಪರೀಕ್ಷಿಸಿ ಕೊಡಬೇಕು. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ಈಗ ಮಾಡಿದರೆ ಜ್ವರದ ಕಾರಣಕ್ಕೆ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅಲ್ಲಿಯವರೆಗೆ ಮಗು ಇಷ್ಟಪಟ್ಟದ್ದನ್ನು ಉಣ್ಣಲಿ. ರೊಟ್ಟಿ, ಮೆಂತ್ಯ ಪಲ್ಯ, ಶೇಂಗಾ ಹಿಂಡಿ, ಮೊಟ್ಟೆ, ಯಾವುದಾದರೂ ಆಯಿತು. ಬೀಟ್‌ರೂಟ್ ರಸ ಒತ್ತಾಯ ಮಾಡಿ ಕುಡಿಸಬೇಡಿ.

ರಕ್ತ ಏರಿಸಬೇಕಾ? ಮಲೇರಿಯಾ ವಿಪರೀತ ಇರುವ ಕಡೆ ಹಿಮೋಗ್ಲೋಬಿನ್ 5ಕ್ಕಿಂತ ಕೆಳಗೆ ಇಳಿದರೆ ಕೊಡುತ್ತಾರೆ. ನಮ್ಮಂತೆ ಕಡಿಮೆ ಇರುವ ಕಡೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 7ರ ಗೆರೆ ಹೇಳಿದೆ. ನಿಮ್ಮ ಮಗ ಆ ಗೆರೆಯ ಪಕ್ಕದಲ್ಲೇ ಇದ್ದಾನೆ. ಅದಕ್ಕೇ ನಾಳೆ ನಾಡಿದ್ದು ಅಂದದ್ದು. ಸಂಖ್ಯೆಯ ಜೊತೆ ಮಗುವಿನ ಉಸಿರು, ಎದೆಬಡಿತ, ಲವಲವಿಕೆ ನೋಡಿ ಡಾಕ್ಟರು ತೀರ್ಮಾನ ಮಾಡುತ್ತಾರೆ. ಏರಿಸೋದೇ ಆದರೆ ‘ಕೂಂಬ್ಸ್ ಪಾಸಿಟಿವ್’ ಅನ್ನುವ ರಿಪೋರ್ಟು ಮರೆಯದೆ ರಕ್ತನಿಧಿಗೆ ತೋರಿಸಿ. ಹೊಂದುವ ರಕ್ತ ಹುಡುಕಲು ಅವರಿಗೆ ಜಾಸ್ತಿ ಹೊತ್ತು ಬೇಕಾಗಬಹುದು, ಮೊದಲೇ ಗೊತ್ತಿದ್ದರೆ ಒಳ್ಳೆಯದು. ಸ್ಟೆರಾಯ್ಡ್ ಬಗ್ಗೆ ಯಾರಾದರೂ ಹೇಳಿದರೆ, ಅದು ಹೆಚ್ಚಿನ ಮಕ್ಕಳಿಗೆ ಬೇಕಾಗುವುದಿಲ್ಲ. ರಕ್ತರೋಗ ತಜ್ಞರು ನೋಡಿ ಹೇಳಲಿ.

ಪುಣೆಯಲ್ಲೇ ಮಲೇರಿಯಾ ಲಸಿಕೆ ಆಗುತ್ತದಲ್ಲ, ಅದನ್ನಾದರೂ ಹಾಕಿಸೋಣವಾ ಅಂತ ನಿಮ್ಮಂಥವರು ಈಚೆಗೆ ಬಹಳ ಕೇಳುತ್ತಾರೆ. ಆರ್21 ಲಸಿಕೆಯನ್ನು ಆಕ್ಸ್‌ಫರ್ಡ್ ರೂಪಿಸಿತು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಸೊಳ್ಳೆ ಕಚ್ಚಿದ ಮೇಲೆ ರೋಗಾಣು ಪಿತ್ತಜನಕಾಂಗ ಸೇರುವ ಮುಂಚೆಯೇ ಹಿಡಿಯುವ ಆ್ಯಂಟಿಬಾಡಿಯನ್ನು ಅದು ಮೂಡಿಸುತ್ತದೆ. ರಕ್ತಕಣದ ತನಕ ಜಗಳ ಬರಲೇಬಾರದು ಅನ್ನೋದು ಅದರ ಉಪಾಯ. ಆದರೆ ಅದು ಫಾಲ್ಸಿಪಾರಂಗೆ, ಆಫ್ರಿಕಾದ ಮಕ್ಕಳನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ್ದು. ನಿಮ್ಮ ಮಗನ ವೈವಾಕ್ಸ್ ತಡೆಯಲು ಅದು ಬರುವುದಿಲ್ಲ. ನಿಮಗೆ ಈಗ ಬೇಕಾದದ್ದು ಸೊಳ್ಳೆಪರದೆ, ನೀರಿನ ಡ್ರಮ್ಮಿಗೆ ಬಿಗಿಯಾದ ಮುಚ್ಚಳ. ಈ ಊರಿನ ಮಲೇರಿಯಾ ಸೊಳ್ಳೆ, ಅನಾಫಿಲಿಸ್ ಸ್ಟೀಫೆನ್ಸಿ, ತಿಳಿನೀರಿನ ಟಾಕಿ, ಡ್ರಮ್ಮು, ಕಟ್ಟಡ ಕೆಲಸದ ಹೊಂಡಗಳಲ್ಲೇ ಮೊಟ್ಟೆ ಇಡುತ್ತದೆ.

ನಾಳೆ ರಕ್ತ ಕೊಡುವಾಗ ಹಿಮೋಗ್ಲೋಬಿನ್ ಜೊತೆ ರೆಟಿಕ್ಯುಲೋಸೈಟ್ ಎಣಿಕೆ, ಕಣ ಒಡೆದಾಗ ಏರುವ ಹಳದಿ ವಸ್ತು ಬಿಲಿರುಬಿನ್, ಮಲೇರಿಯಾದ ಇನ್ನೊಂದು ಸ್ಲೈಡ್, ಆಗಿರದಿದ್ದರೆ ಜಿ6ಪಿಡಿ ಬರೆಸಿಕೊಳ್ಳಿ. ರೆಟಿಕ್ಯುಲೋಸೈಟ್ ಅಂದರೆ ಮಜ್ಜೆಯಿಂದ ಈಗಷ್ಟೇ ಹೊರಬಿದ್ದ ಎಳೆ ಕಣ. ಗಾಜುಪಟ್ಟಿಯ ಮೇಲೆ ಅವು ಉಳಿದವಕ್ಕಿಂತ ಒಂಚೂರು ದೊಡ್ಡದಾಗಿ, ನೀಲಿ ಛಾಯೆಯಲ್ಲಿ ಕಾಣುತ್ತವೆ. ಮಳೆಗಾಲದಲ್ಲಿ ಒಂದು ಮಗುವಿನ ಪಟ್ಟಿಯಲ್ಲಿ ಆ ನೀಲಿ ಕಣಗಳು ಅಲ್ಲಲ್ಲಿ ಕಂಡವು ಅಂದರೆ, ಹಿಮೋಗ್ಲೋಬಿನ್ ಇನ್ನೂ ಏರದೆ ಇದ್ದರೂ ನನಗೆ ಜೀವ ಬಂದ ಹಾಗಾಗುತ್ತದೆ. ಮಜ್ಜೆ ಎದ್ದಿದೆ ಅಂತ ಅರ್ಥ. ಅಲ್ಲಿಂದ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮಗು ಮೊದಲಿನ ಹಾಗೆ ಆಗುತ್ತದೆ. ರಿಪೋರ್ಟು ಬಂದ ಕೂಡಲೇ ಆ ಸಂಖ್ಯೆ ನನಗೂ ಬರೆದು ಕಳಿಸಿ.